ಅಂಗಡಿ ಬದಲಾಯಿತು, ಶಾಂತಕ್ಕನಿಗೆ ಮರೆವು ಬಂದಿರಲಿಲ್ಲ

ಅಂಗಡಿ ರಿನೋವೇಶನ್ ಆದಮೇಲೆ "ನನಗೇ ಏನೋ ಆಗಿದೆ" ಅಂತ ಅಲ್ಲಿನ ಕೆಲಸಗಾರರು ನನ್ನ ಹತ್ತಿರ ಸಲಹೆಗೆ ಬರುವುದು ಜಾಸ್ತಿಯಾಗಿದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಶಾಂತಕ್ಕ ಅನ್ನೋಣ. ನಲವತ್ತು ದಾಟಿದವರು. ಬಾಗಲಕೋಟೆ ನವನಗರದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಬಹಳ ವರ್ಷಗಳ ಕೆಲಸ. ಅಲ್ಲಿ ಸಾಮಾನೆಲ್ಲ ಜಾಗ ಬದಲಾದಮೇಲೆ ಇವರ ನಿದ್ದೆ ಹಾರಿತು. ಗಿರಾಕಿ ಹತ್ತಿರ ಬಂದರೆ ಸಾಕು, ಎದೆ ಡವಡವ. "ನನಗ ಮರವಿನ ರೋಗ ಬಂದೈತ್ರಿ ಮೇಡಂ, ಕೆಲಸ ಬಿಟ್ಟಬಿಡ್ತೀನಿ" ಅಂತಲೇ ಮಾತು ಶುರು ಮಾಡಿದರು.

ಎರಡನೇ ಸಲ ಬಂದಾಗ ಹಾಳೆ, ಪೆನ್ಸಿಲ್ ಕೊಟ್ಟು "ನಿಮ್ಮ ಅಂಗಡಿ ಚಿತ್ರ ಬರೀರಿ" ಅಂದೆ. ಹಳೇದೋ ಹೊಸದೋ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಕೈ ಸರಸರ ಓಡಿತು. ಬಾಗಿಲು, ಬಲಕ್ಕೆ ಬಿಲ್ಲಿಂಗ್ ಕೌಂಟರ್, ಎದುರಿಗೆ ಬೇಳೆ. ಮೂರನೇ ಸಾಲಿನಲ್ಲಿ ಪುಟಾಣಿ, ಪಕ್ಕಕ್ಕೆ ಶೇಂಗಾ, ತುದಿಗೆ ಸಜ್ಜಿ ಹಿಟ್ಟು. ಹಪ್ಪಳ ಮೇಲಿನ ಹಲಗೆಗೆ. "ಕೆಳಗಿಟ್ರ ಸಣ್ಣ ಹುಡುಗರು ಒತ್ತಿ ಮುರೀತಾವ್ರಿ."

"ಇದ್ಯಾವ ಅಂಗಡಿ ಅಕ್ಕಾರ?" ಅಂದೆ.

ಹಾಳೆ ನೋಡುತ್ತಾ ಕೂತರು. "ಹಳೇದ್ರಿ. ಇದು ಈಗ ಇಲ್ಲ. ನನ್ನ ತಲ್ಯಾಗ ಮಾತ್ರ ಇನ್ನೂ ತೆರದೈತಿ."

ಆಮೇಲೆ ಅಂಗಡಿಗೆ ಬರುವ ಒಬ್ಬ ಅಜ್ಜನ ವಿಷಯ ಬಂತು. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡು ನವನಗರಕ್ಕೆ ಬಂದವರು. "ಊರು ಮುಳುಗಿಸಿದ್ರಿ, ಈಗ ಬೆಲ್ಲಾನೂ ಮುಳುಗಿಸೀರೇನು?" ಅಂತ, ಬೆಲ್ಲ ಹಳೇ ಜಾಗದಲ್ಲಿ ಸಿಗದೆ, ಎಲ್ಲರೆದುರು ಶಾಂತಕ್ಕನ ಮೇಲೆ ರೇಗಿದ್ದರಂತೆ. ಆ ಅಜ್ಜನ ಕೈಯೂ ಹಳೇ ಜಾಗಕ್ಕೇ ಹೋಗುತ್ತಿತ್ತು. ಇಬ್ಬರದೂ ಒಂದೇ ತೊಂದರೆ. ಬೈಸಿಕೊಂಡವರು ಮಾತ್ರ ಶಾಂತಕ್ಕ.

ಚೆನ್ನಾಗಿ ಕಲಿತದ್ದು ಹೊಸದನ್ನು ಕಲಿಯಲು ಕೆಲ ಕಾಲ ಅಡ್ಡ ಬರುತ್ತದೆ. ನಿನ್ನೆ ಮೊನ್ನೆ ಸೇರಿದ ಹುಡುಗಿ ಬೇಗ ಕಲಿತಳು ಅಂದರೆ ಅವಳ ತಲೆಯಲ್ಲಿ ಹಳೇ ಅಂಗಡಿ ಇಲ್ಲ, ಅಷ್ಟೇ. ಆದರೂ ಥೈರಾಯ್ಡ್, ವಿಟಮಿನ್ ಬಿ12 ರಕ್ತ ಪರೀಕ್ಷೆ ಮಾಡಿಸಿದೆ. ಇವು ಏರುಪೇರಾದರೂ ಮರೆವು ಬರಬಹುದು. ಗೊತ್ತಿರುವ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಚಿಲ್ಲರೆ ಲೆಕ್ಕ ಕೈಕೊಡುವುದು ಇದ್ದರೆ ಡಾಕ್ಟರನ್ನು ಕಾಣಲೇಬೇಕು. ಇವರಿಗೆ ಅದ್ಯಾವುದೂ ಇರಲಿಲ್ಲ, ರಿಪೋರ್ಟೂ ಸರಿಯಿತ್ತು.

ಕೆಲಸ ಬಿಡಬೇಡಿ ಅಂದೆ. "ಇಷ್ಟು ತ್ರಾಸ ಕೊಡೋ ಕೆಲಸ ಯಾಕ ಬೇಕ್ರಿ?" ಅಂತ ಮಗಳು ನನ್ನ ಮೇಲೇ ಸಿಟ್ಟಾದಳು. ಅವಳ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆಗ ಬಿಟ್ಟಿದ್ದರೆ, ತಲೆ ಕೆಟ್ಟಿದೆ ಅನ್ನುವ ಸುಳ್ಳು ನಂಬಿಕೆ ಹೊತ್ತುಕೊಂಡೇ ಶಾಂತಕ್ಕ ಮನೆ ಸೇರುತ್ತಿದ್ದರು. ರಾತ್ರೋರಾತ್ರಿ ರ‍್ಯಾಕ್ ಬದಲಿಸಿ, ಬೆಳಿಗ್ಗೆ ಗಿರಾಕಿಗಳ ಮುಂದೆ ನಿಲ್ಲಿಸಿದವರದು ತಪ್ಪು. ಅದನ್ನು ಇವರು ಯಾಕೆ ತಮ್ಮ ಮೇಲೆ ಹಾಕಿಕೊಳ್ಳಬೇಕು?

ದಿನಕ್ಕೊಂದೇ ಸಾಲು ಕಲಿಯಿರಿ, ಸಾಮಾನು ಮುಟ್ಟಿ ಹೆಸರು ಬಾಯಲ್ಲಿ ಹೇಳಿ ಅಂದೆ. ಗೊತ್ತಾಗದಿದ್ದರೆ ಗಿರಾಕಿಗೆ "ನನಗೂ ಹೊಸದ್ರಿ, ಬರ್ರಿ ಹುಡುಕೂಣು" ಅನ್ನಿ. ರಾತ್ರಿ ಗಾಬರಿಯಾದರೆ ಸುಮ್ನೆ ಹೊರಳಾಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಬಾಗಿಲು ತೆಗೆಯುವ ಮುಂಚೆ ಕಲಿಯಲು ಅರ್ಧ ತಾಸು ಕೊಡಿ ಅಂತ ಮ್ಯಾನೇಜರನ್ನು ಕೇಳಿ, ಅದು ಡ್ಯೂಟಿ ಲೆಕ್ಕಕ್ಕೇ ಬರಬೇಕು ಅಂತಲೂ ಹೇಳಿ.

ಕೇಳುವ ಮಾತನ್ನು ನನ್ನೆದುರೇ ಹೇಳಿ ನೋಡಿಕೊಂಡು ಹೋದರು. ಅರ್ಧ ತಾಸು ಸಿಕ್ಕಿತು, ಉಳಿದವರಿಗೂ ಸಿಕ್ಕಿತು. ಎಣ್ಣೆ ಸಾಲಿನಲ್ಲಿ ಈಗಲೂ ಒಮ್ಮೊಮ್ಮೆ ತಡವರಿಸುತ್ತಾರಂತೆ. ಕೆಲಸ ಬಿಡುವ ಮಾತು ಮಾತ್ರ ಮತ್ತೆ ಎತ್ತಿಲ್ಲ.