ಹೆಸರಿಗಿಂತ ಮೊದಲು ಜಾಗ ಹುಡುಕಿ

ಪ್ರಶ್ನೆ: ನಮ್ಮದು ಕಾಸರಗೋಡಿನ ಪೆರ್ಲ ಕಡೆಯ ಬೇಸಾಯದ ಮನೆ, ಅಳಿಯಸಂತಾನದವರು. ನನ್ನ ತಾಯಿಯ ತಾಯಿಗೆ ಅಜ್ಜನಾಗಬೇಕಾದವರೊಬ್ಬರು ಧಾತು ಸಂವತ್ಸರದಲ್ಲಿ ನಮ್ಮ ಗದ್ದೆಯನ್ನು ಮೂಲಗೇಣಿಗೆ (ಶಾಶ್ವತ ಗೇಣಿಗೆ) ಹಿಡಿದರಂತೆ. ಹಳೆಯ ಜನಗಣತಿಯಲ್ಲಿ ಅವರ ಹೆಸರು ಸಿಕ್ಕೀತೇ?

ಉತ್ತರ: ಜನಗಣತಿಯ ಆಸೆ ಬಿಡಿ. ತಲೆ ಎಣಿಸಿದ ಮೇಲೆ ಆ ಕಾಲದ ಮನೆವಾರು ಪಟ್ಟಿಗಳನ್ನು ಉಳಿಸಿಕೊಳ್ಳಲಿಲ್ಲ. ಬೇಸಾಯಗಾರನ ಹೆಸರು ಉಳಿದಿದ್ದರೆ ಅದು ಜಾಗದ ಕಾಗದದಲ್ಲಿ. ಆಧಾರ, ಅಂದರೆ ಜಾಗದ ದಸ್ತಾವೇಜು, ಬರೆಯುವ ಕೆಲಸದಲ್ಲೇ ತಲೆ ನರೆತ ನಾನು ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಸರಕಾರದ ಹಳೆಯ ಸರ್ವೆ ಪುಸ್ತಕದಲ್ಲಿ ವರ್ಗದಾರರ, ಅಂದರೆ ಧಣಿಗಳ ಹೆಸರೇ ಇದ್ದರೆ ಎದೆಗುಂದಬೇಡಿ. ಕೇರಳದಲ್ಲಿ ಗೇಣಿ ಜಾಗ ಗೇಣಿದಾರನ ಕೈಸೇರಿದ್ದು 1970ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನಿಂದ. ಆಗ ನಿಮ್ಮ ಮನೆಯವರು ಲ್ಯಾಂಡ್ ಟ್ರಿಬ್ಯೂನಲ್‌ಗೆ ಕೊಟ್ಟ ಅರ್ಜಿಯ ನಕಲು ಪೆಟ್ಟಿಗೆಯಲ್ಲಿದೆಯೇ ನೋಡಿ. ಅದರಲ್ಲಿ ಗೇಣಿಚೀಟಿನ (ಗೇಣಿಯ ಕರಾರುಪತ್ರದ) ನಂಬರು, ತಾರೀಕು ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಬಹುದು. ನೋಂದಣಿ ಕಾನೂನು 1860ರ ದಶಕದಿಂದಲೇ ಇದೆ.

ತಾರೀಕಿನಲ್ಲಿ ಎಚ್ಚರ ಬೇಕು. ಧಾತು ಅಂದರೆ 1876-77, ಫಸಲಿ (ಕಂದಾಯ ಲೆಕ್ಕದ ವರ್ಷ) 1286. ಫಸಲಿಗೆ 590 ಕೂಡಿಸಿದರೆ ಇಸವಿ. ಆದರೆ ಅರುವತ್ತು ವರ್ಷ ಕಳೆದು 1936-37ರಲ್ಲೂ ಧಾತು ಬಂತು. ಫಸಲಿ ಕಾಣದೆ ಸಂವತ್ಸರವೊಂದನ್ನೇ ನಂಬಬೇಡಿ.

ಇನ್ನು ಆ ಅಜ್ಜ ಯಾರು? ಅಳಿಯಸಂತಾನದ ಕಟ್ಟಿನಲ್ಲಿ ಗಂಡಸಿನ ಹಕ್ಕು ಹೋಗುತ್ತಿದ್ದುದು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಗದ್ದೆ ನಿಮ್ಮ ಅಜ್ಜಿಯ ಕಡೆಯಿಂದಲೇ ಇಳಿದು ಬಂದಿದ್ದರೆ, ಆತ ಅಜ್ಜಿಯ ತಾಯಿಯ ತಂದೆಯಾಗಿರುವುದಕ್ಕಿಂತ ಅಜ್ಜಿಯ ಅಜ್ಜಿಯ ಅಣ್ಣನೋ ತಮ್ಮನೋ ಆಗಿರುವ ಸಂಭವವೇ ಹೆಚ್ಚು. ತಂದೆ-ಮಗ ಎಂದು ಹುಡುಕಿದರೆ ದಾರಿ ತಪ್ಪುತ್ತದೆ. ಮಾವ-ಅಳಿಯ ಎಂದು ಹುಡುಕಿ, ನಡುವಿನ ಹೆಂಗಸಿನ ಹೆಸರು ಬಿಡದೆ ಬರೆದುಕೊಳ್ಳಿ. ಜಾಗದ ಕಂತು ಕಟ್ಟಿದವನ ಹೆಸರು ರಶೀದಿಯಲ್ಲಿ ಸಿಗುತ್ತದೆ, ಆಕೆಯದು ಸಿಗುವುದಿಲ್ಲ. ನನಗೆ ಅತ್ಯಂತ ಬೇಸರದ ಸಂಗತಿ ಇದು.

ಆಕೆಯ ಹೆಸರಿಗೆ ಪಾಲುಪಟ್ಟಿ (ಆಸ್ತಿ ಹಂಚಿಕೊಂಡ ಪತ್ರ) ನೋಡಿ. 1949ರ ಮದ್ರಾಸ್ ಅಳಿಯಸಂತಾನ ಕಾನೂನು ಕವರುಗಳಿಗೆ, ಅಂದರೆ ಒಬ್ಬೊಬ್ಬ ಹೆಂಗಸಿನಿಂದ ಇಳಿದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಪಾಲಿನ ದಾವೆ ನಡೆದಿದ್ದರೆ ಅದರ ಕಾಗದದಲ್ಲಿ ಮೂಲ ಹೆಂಗಸಿನಿಂದ ಹಿಡಿದು ವಂಶಾವಳಿ ಇರುತ್ತದೆ. ಕಾಗದ ಸಿಗುವ ಮೊದಲು ತರವಾಡಿನ (ಮೂಲಮನೆಯ) ಹಿರಿಯ ಹೆಂಗಸರನ್ನು ಈ ವಾರವೇ ಮಾತನಾಡಿಸಿ.