ಜರ್ಮನಿಗೆ ಕೆಲಸ ಕಲಿಯಲು ಬರಬೇಕು ಅಂತಿರುವ ದಾವಣಗೆರೆಯ ತಂಗಿಗೆ

ತಂಗಿ,

ನೀನು ಬರೆದದ್ದನ್ನೆಲ್ಲ ಓದಿದೆ. ಹುಟ್ಟಿದಾಗಿಂದ ನಿನ್ನ ಎಡಗೈಯಲ್ಲಿ ಶಕ್ತಿ ಕಡಿಮೆ. ಐಟಿಐ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಮುಗಿಸಿದ್ದೀಯ. ಇಂಟರ್‌ವ್ಯೂಗೆ ಹೋದ ಕಡೆಯೆಲ್ಲ ಮೊದಲು ಕೈ ನೋಡಿ, ಆಮೇಲೆ ಸರ್ಟಿಫಿಕೇಟ್ ನೋಡುತ್ತಾರೆ. ಹಾಗಾಗಿ ಹೊರದೇಶದಲ್ಲಿ ನಮ್ಮಂಥವರಿಗೆ ಯಾರಾದರೂ ಕೆಲಸ ಕಲಿಸುತ್ತಾರಾ, ಅಲ್ಲಿ ಒಬ್ಬಳೇ ಬದುಕೋಕೆ ಆಗುತ್ತಾ ಅಂತ ಕೇಳಿದ್ದೀಯ. ಜೊತೆಗೆ ಊರಿನ ಏಜೆಂಟ್ ಒಬ್ಬರು "ಜರ್ಮನಿಯಲ್ಲಿ ವಿಕಲಚೇತನರಿಗೆ ಸ್ಪೆಷಲ್ ಕೋಟಾ ಇದೆ, ಮೂರೂವರೆ ಲಕ್ಷ ಕೊಟ್ಟರೆ ಸೀಟು ಗ್ಯಾರಂಟಿ" ಅಂದಿದ್ದಾರಂತೆ.

ಏಜೆಂಟ್ ವಿಷಯವನ್ನೇ ಮೊದಲು ಹೇಳುತ್ತೇನೆ. ನಿಮ್ಮಪ್ಪ ಸಾಲಕ್ಕೆ ಓಡಾಡುತ್ತಿದ್ದಾರೆ ಅಂತ ಬರೆದಿದ್ದೀಯಲ್ಲ, ಅವರಿಗೆ ಇದನ್ನು ಇವತ್ತೇ ಓದಿ ಹೇಳು. ಒಂದು ರೂಪಾಯಿಯನ್ನೂ ಕೊಡಬೇಡಿ. ವೀಸಾದಲ್ಲಿ ಅಂಥ ಕೋಟಾ ಇಲ್ಲವೇ ಇಲ್ಲ. ನಾನಿರುವ ಈ ಜರ್ಮನಿಯ ಕಾನೂನು ಬೇರೆ ಥರದ್ದು. 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಂಪನಿ ತನ್ನ ಹುದ್ದೆಗಳಲ್ಲಿ ಶೇಕಡ 5ನ್ನು ತೀವ್ರ ಅಂಗವಿಕಲತೆ ಇರುವವರಿಗೆ ಕೊಡಬೇಕು. ಕೊಡದಿದ್ದರೆ ಪ್ರತಿ ಖಾಲಿ ಜಾಗಕ್ಕೂ ಸರ್ಕಾರಕ್ಕೆ ದುಡ್ಡು ಕಟ್ಟಬೇಕು. ಆ ಲೆಕ್ಕಕ್ಕೆ ಬರುವವರು ಇಲ್ಲಿಗೆ ಬಂದು, ಇಲ್ಲಿನ ಕಚೇರಿಯಿಂದ ಅಂಗವಿಕಲತೆಯ ಕಾರ್ಡ್ ಪಡೆದವರು. ದಾವಣಗೆರೆಯಲ್ಲಿ ಕೂತು ಆ ಸೀಟನ್ನು ಮಾರೋಕೆ ಯಾರಿಂದಲೂ ಆಗಲ್ಲ. ಇನ್ನೊಂದು ಮಾತು. ನಮ್ಮ ದೇಶದಿಂದ ಹೊರಗೆ ಕೆಲಸಕ್ಕೆ ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಬಿಟ್ಟು ಹೆಚ್ಚಿಗೆ ಫೀಸು ತೆಗೆದುಕೊಳ್ಳುವ ಹಾಗಿಲ್ಲ. ನೋಂದಣಿ ಆಗಿದೆಯಾ ಅನ್ನೋದನ್ನು ಅದೇ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೀನೇ ನೋಡಬಹುದು. ಮೂರೂವರೆ ಲಕ್ಷ ಕೇಳಿದ್ದಾರೆ ಅಂದರೆ ಅಲ್ಲಿಗೇ ಅರ್ಥ ಮಾಡಿಕೋ.

ಈಗ ನಿನ್ನ ಮುಖ್ಯ ಪ್ರಶ್ನೆ. ಕಲಿಸುತ್ತಾರೆ. ಇಲ್ಲಿ ಔಸ್‌ಬಿಲ್ಡುಂಗ್ ಅನ್ನುವ ತರಬೇತಿ ಇದೆ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ ಕೆಲಸ ಕಲಿಯುತ್ತೀಯ, ಒಂದೆರಡು ದಿನ ಸ್ಕೂಲಿಗೆ ಹೋಗುತ್ತೀಯ. ಫೀಸು ಕಟ್ಟೋದಿಲ್ಲ, ತಿಂಗಳು ತಿಂಗಳು ಕಂಪನಿಯೇ ನಿನಗೆ ಸಂಬಳ ಕೊಡುತ್ತದೆ. 300ಕ್ಕೂ ಹೆಚ್ಚು ಕಸುಬುಗಳಿವೆ. ನಿನ್ನ ಟ್ರೇಡಿಗೆ ಹೊಂದುವ ಎಲೆಕ್ಟ್ರಾನಿಕ್ಸ್ ಕೋರ್ಸ್ ಮೂರೂವರೆ ವರ್ಷದ್ದು. 2025ರಲ್ಲಿ ಸೇರಿದವರಿಗೆ ಮೊದಲ ವರ್ಷದ ಕನಿಷ್ಠ ಸಂಬಳ ತಿಂಗಳಿಗೆ 682 ಯೂರೋ ಅಂತ ಕಾನೂನು ನಿಗದಿ ಮಾಡಿತ್ತು. ಆಮೇಲೆ ವರ್ಷ ವರ್ಷ ಏರುತ್ತದೆ. ನಾನಿರುವ ಸ್ಟುಟ್‌ಗಾರ್ಟ್ ನಗರದ ಕಡೆಯ ದೊಡ್ಡ ಫ್ಯಾಕ್ಟರಿಗಳಲ್ಲಿ ಸಾವಿರದ ಮೇಲೆಯೇ ಕೊಡುತ್ತಾರೆ. ಆದರೆ 682 ಯೂರೋದಲ್ಲಿ ಬಾಡಿಗೆ, ಊಟ ಎಲ್ಲ ನಡೆಯಲ್ಲ. ಕಡಿಮೆ ಬಿದ್ದ ದುಡ್ಡನ್ನು ಎಲ್ಲಿಂದ ತರುತ್ತೀಯ ಅಂತ ವೀಸಾದವರು ಕೇಳುತ್ತಾರೆ, ಬ್ಯಾಂಕ್ ಖಾತೆಯಲ್ಲಿ ತೋರಿಸಬೇಕು. ನಿಮ್ಮಪ್ಪ ಸಾಲ ಮಾಡಲೇಬೇಕು ಅಂದರೆ ಇದಕ್ಕೆ ಮಾಡಲಿ. ಈ ದುಡ್ಡು ನಿನ್ನ ಹೆಸರಲ್ಲೇ ಇರುತ್ತದೆ.

ಅಂಗವಿಕಲ ಯುವಕರಿಗೆ ಅಂತಲೇ ಇಲ್ಲಿ ಬೆರೂಫ್ಸ್‌ಬಿಲ್ಡುಂಗ್ಸ್‌ವೆರ್ಕ್ ಎಂಬ ವಿಶೇಷ ತರಬೇತಿ ಕೇಂದ್ರಗಳಿವೆ. ಹಾಸ್ಟೆಲ್, ಡಾಕ್ಟರ್, ವರ್ಕ್‌ಶಾಪ್ ಎಲ್ಲ ಒಂದೇ ಆವರಣದಲ್ಲಿ. ನೋಡಿದರೆ ಕಣ್ಣು ತುಂಬಿ ಬರುತ್ತದೆ. ಆದರೆ ಅಲ್ಲಿ ಸೀಟು ಸಿಗೋದು ಇಲ್ಲಿನ ಉದ್ಯೋಗ ಇಲಾಖೆ ಖರ್ಚು ಒಪ್ಪಿಕೊಂಡರೆ ಮಾತ್ರ. ಇಂಡಿಯಾದಿಂದ ನೇರವಾಗಿ ಬರುವವರು ಅದನ್ನು ನಂಬಿಕೊಂಡು ಹೊರಡಬಾರದು. ಎಲ್ಲರ ಜೊತೆ ಸಾಮಾನ್ಯ ಕಂಪನಿಗೇ ಅರ್ಜಿ ಹಾಕು.

ಅರ್ಜಿ ಹಾಕುವಾಗ ಕೈಯ ವಿಷಯ ಹೇಳಬೇಕಾ ಬೇಡವಾ ಅಂತ ನೀನು ಕೇಳಿಲ್ಲ. ನಾನೇ ಹೇಳುತ್ತೇನೆ, ಯಾಕಂದರೆ ಎಲ್ಲ ನಿಂತಿರೋದು ಇದರ ಮೇಲೆ. ಆ ಕೆಲಸಕ್ಕೆ ಅಡ್ಡಿ ಬರದ ಅಂಗವಿಕಲತೆಯನ್ನು ಹೇಳಲೇಬೇಕು ಅಂತ ಇಲ್ಲಿ ಕಾನೂನಿಲ್ಲ. ಆದರೂ ನನ್ನ ಅಭಿಪ್ರಾಯ: ಹೇಳು. ಬರೀ "ನನಗೆ ಅಂಗವಿಕಲತೆ ಇದೆ" ಅಂತ ಬರೆದು ನಿಲ್ಲಿಸಬೇಡ. ಏನು ಮಾಡಬಲ್ಲೆ, ಎಲ್ಲಿ ತೊಡಕಾಗುತ್ತದೆ, ಆ ತೊಡಕಿಗೆ ಏನು ಬೇಕು ಅನ್ನೋದನ್ನು ಬಿಡಿಸಿ ಬರೆ.

ನಾನು ನಮ್ಮ ಕಂಪನಿಯಲ್ಲಿ ಅಂಗವಿಕಲ ನೌಕರರ ಚುನಾಯಿತ ಪ್ರತಿನಿಧಿ. ತೀವ್ರ ಅಂಗವಿಕಲತೆ ಇರುವವರು ಐದು ಜನ ಇದ್ದರೆ ಸಾಕು, ಪ್ರತಿನಿಧಿ ಆರಿಸುವ ಹಕ್ಕು ಕಾನೂನಿನಲ್ಲೇ ಇದೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ನಮ್ಮಲ್ಲಿ ಅಂಗವಿಕಲರ ಅರ್ಜಿ ಬಂದರೆ ನನಗೂ ಒಂದು ಪ್ರತಿ ಬರುತ್ತದೆ. ಒಮ್ಮೆ ಎಡಗೈಯಲ್ಲಿ ಬೆರಳಿಲ್ಲದ ಹುಡುಗನ ಅರ್ಜಿ ಬಂತು. ಅವನು ಬರೆದದ್ದು ಹೀಗಿತ್ತು: ಸೋಲ್ಡರಿಂಗ್ ಐರನ್ ಬಲಗೈಯಲ್ಲಿ ಚೆನ್ನಾಗಿ ಹಿಡಿಯುತ್ತೇನೆ, ಬೋರ್ಡ್ ಅಲುಗಾಡದ ಹಾಗೆ ಕಚ್ಚಿ ಹಿಡಿಯುವ ಕ್ಲ್ಯಾಂಪ್ ಬೇಕು, ಸೀಸದ ತಂತಿಯನ್ನು ಇನ್ನೊಂದು ಕೈಯಲ್ಲಿ ಕೊಡೋಕೆ ಆಗಲ್ಲ, ಅದಕ್ಕೆ ಕಾಲಲ್ಲಿ ಒತ್ತುವ ಪೆಡಲ್ ಇರುವ ಫೀಡರ್ ಸಿಗುತ್ತದೆ. ತರಬೇತಿ ಮಾಸ್ತರರು ಅದನ್ನು ಓದಿ ಕೇಳಿದ್ದು ಒಂದೇ ಮಾತು, ಆ ಫೀಡರ್ ಯಾವ ಮಾಡೆಲ್ ಅಂತ. ಅವನು ಸೇರುವ ಹೊತ್ತಿಗೆ ಬೆಂಚಿನ ಮೇಲೆ ಕ್ಲ್ಯಾಂಪ್ ಇತ್ತು, ಕೆಳಗೆ ಪೆಡಲ್ ಇತ್ತು. ಖರ್ಚಿನಲ್ಲಿ ಒಂದು ಪಾಲನ್ನು ಅಂಗವಿಕಲರ ಉದ್ಯೋಗ ನೋಡಿಕೊಳ್ಳುವ ಸರ್ಕಾರಿ ಕಚೇರಿ ಕೊಟ್ಟಿತು. ಐದು ಪರ್ಸೆಂಟ್ ಪೂರೈಸದ ಕಂಪನಿಗಳು ಕಟ್ಟುವ ದುಡ್ಡು ಹೋಗೋದು ಇಂಥದ್ದಕ್ಕೇ.

ಇಲ್ಲಿ ಯಾರೂ ಮುಖ ನೋಡಿ ಅರ್ಥ ಮಾಡಿಕೊಂಡು ಸಹಾಯಕ್ಕೆ ಬರಲ್ಲ, ತಂಗಿ. ನಮ್ಮೂರಲ್ಲಿ ಬಸ್ಸು ಹತ್ತುವಾಗ ಯಾರೋ ಒಬ್ಬರು "ಬಾ ತಾಯಿ" ಅಂತ ಕೈ ಹಿಡಿಯುತ್ತಾರೆ. ಇಲ್ಲಿ ಹಿಡಿಯಲ್ಲ. ಕೇಳದೆ ಮುಟ್ಟಿದರೆ ಅವಮಾನ ಮಾಡಿದ ಹಾಗೆ ಅಂತ ಅವರ ಲೆಕ್ಕ. ಕೇಳಿದರೆ ಮಾತ್ರ ಕೆಲಸ ಬಿಟ್ಟು ಬಂದು ಮಾಡಿಕೊಡುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ಬಾಯಿಬಿಟ್ಟು ಕೇಳೋದೇ ಕಷ್ಟ. "ಅಡ್ಜಸ್ಟ್ ಮಾಡ್ಕೋ" ಅಂತ ಕೇಳಿ ಕೇಳಿ ಬೆಳೆದವರು ನಾವು. ಜರ್ಮನ್ ಭಾಷೆಗಿಂತ ಮೊದಲು ಈ ಕೇಳೋದನ್ನು ಕಲಿ.

ಅದನ್ನು ಕಲಿಯೋಕೆ ಜಾಗ ನಿನ್ನ ಊರಲ್ಲೇ ಇದೆ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆಯಲ್ಲ, ವಿಕಲಚೇತನರ ಕೌಶಲ್ಯ ಮತ್ತು ಪುನರ್ವಸತಿ ಕೇಂದ್ರ, ಅಲ್ಲಿಗೆ ಹೋಗು. ದಿನದ ಕೆಲಸಗಳಿಗೆ ಕೈಕಾಲು ಪಳಗಿಸುವ ಆಕ್ಯುಪೇಷನಲ್ ಥೆರಪಿಯವರನ್ನು ಕಂಡು ನಿನ್ನ ಕೈ ಎಷ್ಟು ಭಾರ ಎತ್ತುತ್ತದೆ, ಹಿಡಿತ ಎಷ್ಟಿದೆ, ಎಷ್ಟು ಹೊತ್ತಿಗೆ ದಣಿಯುತ್ತದೆ ಅನ್ನೋದನ್ನು ಬರೆಸಿಕೋ. ಯುಡಿಐಡಿ, ಅಂದರೆ ನಮ್ಮ ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಕಾರ್ಡಿನಲ್ಲಿ ಇದೆಲ್ಲ ಇರಲ್ಲ, ಅದರಲ್ಲಿರುವ ಪರ್ಸೆಂಟೇಜ್ ಇಲ್ಲಿ ನೇರವಾಗಿ ನಡೆಯಲ್ಲ. ಇಲ್ಲಿನವರು ಹೊಸದಾಗಿ ಅಳೆದು 20ರಿಂದ 100ರವರೆಗೆ ತಮ್ಮದೇ ಅಂಕ ಕೊಡುತ್ತಾರೆ. 50 ಬಂದರೆ ತೀವ್ರ ಅಂಗವಿಕಲತೆಯ ಕಾರ್ಡ್. ಆಗ ವರ್ಷಕ್ಕೆ ಐದು ದಿನ ಹೆಚ್ಚಿನ ರಜೆ, ಸೇರಿ ಆರು ತಿಂಗಳು ಕಳೆದ ಮೇಲೆ ಕೆಲಸದಿಂದ ತೆಗೆಯೋಕೆ ಮುಂಚೆ ಸರ್ಕಾರದ ಒಪ್ಪಿಗೆ ಬೇಕು ಅನ್ನುವ ರಕ್ಷಣೆ, ಎಲ್ಲ ಸಿಗುತ್ತದೆ. ಆ ಅಳತೆಗೆ ನಿನ್ನ ಹಳೆಯ ಡಾಕ್ಟರ್ ರಿಪೋರ್ಟುಗಳು ಬಹಳ ಮುಖ್ಯ. ಚಿಕ್ಕಂದಿನವು ಅಟ್ಟದ ಮೇಲಿದ್ದರೂ ಹುಡುಕಿ ತೆಗೆ.

ಪರೀಕ್ಷೆ ಬಗ್ಗೆ ಭಯ ಬೇಡ. ಕೊನೆಯ ಪರೀಕ್ಷೆಯಲ್ಲಿ ಅಂಗವಿಕಲರಿಗೆ ಹೆಚ್ಚಿನ ಸಮಯ, ಸಾಧನ, ಕಿವುಡರಿಗೆ ಸನ್ನೆ ಭಾಷೆಯ ದುಭಾಷಿ ಕೊಡಬೇಕು ಅಂತ ಕಾನೂನಿದೆ. ಆದರೆ ಪರೀಕ್ಷೆಗೆ ಹೆಸರು ಕೊಡುವಾಗಲೇ ಕೇಳಬೇಕು. ನಿನ್ನ ಜೊತೆ ಐಟಿಐ ಓದಿದ, ಕಿವಿ ಕೇಳದ ಗೆಳತಿಯ ಬಗ್ಗೆಯೂ ಬರೆದಿದ್ದೆ. ಅವಳಿಗೆ ದಾರಿ ಇನ್ನೂ ಕಷ್ಟ, ಮುಚ್ಚಿಡಲ್ಲ. ಇಲ್ಲಿನ ಸನ್ನೆ ಭಾಷೆ ನಮ್ಮದಕ್ಕಿಂತ ಪೂರ್ತಿ ಬೇರೆ. ಅವಳು ಬರೆಯುವ ಜರ್ಮನ್ ಮತ್ತು ಜರ್ಮನ್ ಸನ್ನೆ ಎರಡನ್ನೂ ಕಲಿಯಬೇಕು. ಅವಳಿಗೆ ನಾನು ಜಪಾನ್ ಹೇಳುತ್ತೇನೆ. ಡಸ್ಕಿನ್ ಲೀಡರ್‌ಶಿಪ್ ಟ್ರೈನಿಂಗ್ ಅಂತ 1999ರಿಂದ ನಡೆಯುತ್ತಿದೆ. ಏಷ್ಯಾ ಪೆಸಿಫಿಕ್ ದೇಶಗಳ ಅಂಗವಿಕಲ ಯುವಕ ಯುವತಿಯರನ್ನು ಸುಮಾರು ಹತ್ತು ತಿಂಗಳು ಜಪಾನಿನಲ್ಲಿ ಇಟ್ಟುಕೊಂಡು, ಖರ್ಚು ಅವರೇ ಹಾಕಿ ಕಲಿಸುತ್ತಾರೆ. ಮೊದಲು ಜಪಾನಿ ಭಾಷೆ, ಕಿವುಡರಿಗೆ ಜಪಾನಿ ಸನ್ನೆ. ಆಮೇಲೆ ಅಲ್ಲಿನ ಅಂಗವಿಕಲರ ಸಂಸ್ಥೆಗಳಲ್ಲಿ ತರಬೇತಿ. ಇದು ನೌಕರಿಗೆ ದಾರಿ ಅಲ್ಲ, ಮುಗಿಸಿ ಊರಿಗೆ ವಾಪಸ್ ಬಂದು ಕೆಲಸ ಮಾಡಬೇಕು. ಊರಿನಲ್ಲಿ ಕಿವುಡ ಮಕ್ಕಳಿಗೆ ಏನಾದರೂ ಮಾಡಬೇಕು ಅನ್ನುವ ಹುಡುಗಿ ಅವಳು ಅಂತ ಬರೆದಿದ್ದೀಯಲ್ಲ, ಅದಕ್ಕೇ ಹೇಳಿದೆ.

ನಿಮ್ಮಿಬ್ಬರಿಗೂ ಆಗುವ ಇನ್ನೊಂದು ವಿಷಯ ಅಬಿಲಿಂಪಿಕ್ಸ್, ಅಂಗವಿಕಲರ ಅಂತರರಾಷ್ಟ್ರೀಯ ಕಸುಬಿನ ಸ್ಪರ್ಧೆ. 1981ರಲ್ಲಿ ಟೋಕಿಯೋದಲ್ಲಿ ಶುರುವಾಯಿತು, 2003ರಲ್ಲಿ ದೆಹಲಿಯಲ್ಲೇ ನಡೆಯಿತು, 2023ರಲ್ಲಿ ಫ್ರಾನ್ಸಿನ ಮೆಟ್ಜ್‌ನಲ್ಲಿ. ನಮ್ಮ ದೇಶದೊಳಗಿನ ಸುತ್ತುಗಳಲ್ಲಿ ಭಾಗವಹಿಸಿದ ಪತ್ರ ಇದ್ದರೂ ಅರ್ಜಿಗೆ ತೂಕ ಬರುತ್ತದೆ. ಸರ್ಕಾರದ ವಿದೇಶಿ ಸ್ಕಾಲರ್‌ಶಿಪ್ ಬಗ್ಗೆ ಯಾರೋ ಹೇಳಿದರು ಅಂದೆಯಲ್ಲ, ಅದು ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ ಮಾತ್ರ. ಐಟಿಐನವರಿಗೆ ಬರಲ್ಲ, ಬಿಟ್ಟುಬಿಡು. ಆಸ್ಟ್ರೇಲಿಯಾಕ್ಕೆ ಹೋಗೋಣ್ವಾ ಅಂದರೆ, ಅಲ್ಲಿ ವೀಸಾಕ್ಕೆ ಆರೋಗ್ಯ ಪರೀಕ್ಷೆ ಇದೆ. ನಿನ್ನಿಂದ ಅವರ ಸರ್ಕಾರಕ್ಕೆ ಮುಂದೆ ಎಷ್ಟು ಖರ್ಚು ಬೀಳಬಹುದು ಅಂತ ಲೆಕ್ಕ ಹಾಕುತ್ತಾರೆ. ಮಿತಿ ದಾಟಿದರೆ ವೀಸಾ ತಿರಸ್ಕಾರ. ನನಗೆ ಅದು ಸರಿ ಕಾಣಲ್ಲ. ಜರ್ಮನಿಯಲ್ಲಿ ಟ್ರೈನಿ ಆಗಿ ಸೇರಿದ ದಿನದಿಂದ ಸರ್ಕಾರಿ ಆರೋಗ್ಯ ವಿಮೆ ಕಡ್ಡಾಯ. ಹಳೆಯ ಕಾಯಿಲೆ ಇದೆ, ಅಂಗವಿಕಲತೆ ಇದೆ ಅಂತ ವಿಮೆಯವರು ನಿನ್ನನ್ನು ಬೇಡ ಅನ್ನೋ ಹಾಗಿಲ್ಲ.

ಬದುಕಿನ ವಿಷಯಕ್ಕೆ ಬರುತ್ತೇನೆ. ನಾನೂ ದಾವಣಗೆರೆಯ ನಿಟುವಳ್ಳಿಯಲ್ಲಿ ಬೆಳೆದವಳು. ಪೋಲಿಯೋದಿಂದ ಬಲಗಾಲಿಗೆ ಕ್ಯಾಲಿಪರ್, ಅಂದರೆ ಕಾಲಿಗೆ ಕಟ್ಟುವ ಆಸರೆ. ಮೈಸೂರಿನ ಜೆಎಸ್ಎಸ್ ವಿಕಲಚೇತನರ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, 2012ರಲ್ಲಿ ಇಲ್ಲಿಗೆ ಬಂದೆ. ಮೊದಲ ಚಳಿಗಾಲ ಕಠಿಣ. ನಾಲ್ಕೂವರೆಗೇ ಕತ್ತಲು. ಹಿಮ ಹೆಪ್ಪುಗಟ್ಟಿದ ರಸ್ತೆಯಲ್ಲಿ ಕ್ಯಾಲಿಪರ್ ಹಾಕಿ ನಡೆಯೋಕೆ ಊರುಗೋಲಿನ ತುದಿಗೆ ಮೊಳೆ ಇರುವ ಕ್ಲಿಪ್ ಹಾಕಿಕೊಳ್ಳಬೇಕು. ನಿನಗೆ ಕಾಲು ಗಟ್ಟಿ ಇದೆ, ಆದರೆ ಜಾರಿದಾಗ ಎಡಗೈ ಊರೋಕೆ ಆಗಲ್ಲ ಅನ್ನೋದು ನೆನಪಿರಲಿ. ಒಳ್ಳೆಯ ಬೂಟಿಗೆ ದುಡ್ಡು ಉಳಿಸಬೇಡ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರಲ್ಲ, ಮನೆ ಸಿಗೋದೂ ಕಷ್ಟ. ಕಂಪನಿಯವರಿಗೆ ಹಾಸ್ಟೆಲ್ ಅಥವಾ ರೂಮಿನ ಏರ್ಪಾಡು ಇದೆಯಾ ಅಂತ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಕೇಳು. ಸೇರಿದ ಮೇಲೆ ಒಂದರಿಂದ ನಾಲ್ಕು ತಿಂಗಳು ಪ್ರೊಬೇಷನ್. ಆ ಅವಧಿಯಲ್ಲಿ ಅವರೂ ಬಿಡಬಹುದು, ನೀನೂ ಬಿಡಬಹುದು. ಆ ತಿಂಗಳುಗಳಲ್ಲಿ ಅರ್ಥವಾಗದ್ದಕ್ಕೆ ಸುಮ್ನೆ ತಲೆಯಾಡಿಸಬೇಡ.

ಒಂಟಿತನ ಇರುತ್ತದೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿ, ಬೀದಿಯಲ್ಲಿ ನರಪಿಳ್ಳೆ ಇಲ್ಲದಾಗ ಮಂಡಕ್ಕಿ ಮೆಣಸಿನಕಾಯಿ ನೆನಪಾಗಿ ಅಳು ಬರುತ್ತದೆ. ಆದರೆ ಇಲ್ಲಿ ಒಬ್ಬರೂ ನನ್ನನ್ನು "ಅಯ್ಯೋ ಪಾಪ" ಅಂದಿಲ್ಲ. ಮದುವೆಯ ಮಾತಿಗೆ ಮೊದಲು ಕಾಲಿನ ಮಾತು ಎತ್ತಿಲ್ಲ. ನಿಮ್ಮಮ್ಮ "ಯಾರು ನೋಡಿಕೊಳ್ಳುತ್ತಾರೆ" ಅಂತ ಕೇಳಿದ್ದಕ್ಕೆ ನನ್ನ ಉತ್ತರ ಇದು: ಅವಳ ಸಂಬಳ, ಅವಳ ವಿಮೆ, ಅವಳ ಯೂನಿಯನ್, ಮತ್ತೆ ಕಷ್ಟಕ್ಕೆ ಕರೆದರೆ ನಾನು.

ಈಗ ಕೆಲಸ. ಜರ್ಮನ್ ಭಾಷೆ ಬಿ1 ಮಟ್ಟ, ಅಂದರೆ ದಿನದ ಮಾತುಕತೆ ತಾನೇ ನಡೆಸುವಷ್ಟು, ಮುಟ್ಟದೆ ವೀಸಾ ಕನಸು ಬೇಡ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್‌ಮುಲ್ಲರ್ ಭವನದವರು ಆನ್‌ಲೈನ್‌ನಲ್ಲೂ ಕಲಿಸುತ್ತಾರೆ, ದಾವಣಗೆರೆ ಬಿಡಬೇಕಾಗಿಲ್ಲ. ಪರೀಕ್ಷೆಯಲ್ಲಿ ನಿನಗೆ ಏನಾದರೂ ಅನುಕೂಲ ಬೇಕಿದ್ದರೆ ಹೆಸರು ನೋಂದಾಯಿಸುವಾಗಲೇ ಹೇಳು. ತರಬೇತಿ ಶುರುವಾಗೋದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಅರ್ಜಿ ಹಾಕೋದು ಅದಕ್ಕೆ ಒಂದು ವರ್ಷ ಮುಂಚೆ. ಖಾಲಿ ಜಾಗಗಳು ಜರ್ಮನ್ ಸರ್ಕಾರದ ಮೇಕ್ ಇಟ್ ಇನ್ ಜರ್ಮನಿ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಕಾಣುತ್ತವೆ. ಒಪ್ಪಂದ ಕೈಗೆ ಬಂದ ಮೇಲೆ ವೀಸಾ, ವೀಸಾ ಬಂದ ಮೇಲೆ ಟಿಕೆಟ್. ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತೋಕೆ ಸಹಾಯ ಬೇಕು ಅಂತ 48 ಗಂಟೆ ಮುಂಚೆ ಏರ್‌ಲೈನ್‌ಗೆ ತಿಳಿಸಿದರೆ ದುಡ್ಡಿಲ್ಲದೆ ಮಾಡಿಕೊಡುತ್ತಾರೆ.

ಸಿಆರ್‌ಸಿಗೆ ಹೋಗಿ ಬಂದ ಮೇಲೆ ಒಂದು ಪುಟ ಬರೆ. ಸೋಲ್ಡರಿಂಗ್, ವೈರಿಂಗ್, ಟೆಸ್ಟಿಂಗ್, ಒಂದೊಂದರಲ್ಲೂ ನಿನ್ನ ಎರಡು ಕೈಗಳು ಏನು ಮಾಡುತ್ತವೆ, ಎಲ್ಲಿ ತಡೆಯುತ್ತದೆ, ಈಗ ನೀನು ಅದಕ್ಕೆ ಏನು ಉಪಾಯ ಮಾಡಿಕೊಂಡಿದ್ದೀಯ. ಕನ್ನಡದಲ್ಲೇ ಬರೆದು ಕಳಿಸು. ಅದನ್ನು ಜರ್ಮನ್ ಅರ್ಜಿಯಾಗಿ ಹೇಗೆ ಕೂರಿಸೋದು ಅಂತ ಇಬ್ಬರೂ ಸೇರಿ ನೋಡೋಣ.