ಸೆರಗಿನಿಂದ ಒರೆಸಿದ ಬೂದಿ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹುಬ್ಬಳ್ಳಿಯ ಕುಟುಂಬ. ಅತ್ತೆ ಲಿಂಗಾಯತರು, ಇಷ್ಟಲಿಂಗ ಪೂಜೆಯಾಗದೆ ನೀರೂ ಮುಟ್ಟದವರು. ಸೊಸೆ ಮಂಗಳೂರು ಕಡೆಯ ಕ್ಯಾಥೊಲಿಕ್ ಹುಡುಗಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದ್ದರಿಂದ ಗಂಡಹೆಂಡಿರಲ್ಲಿ ಯಾರೂ ಮತ ಬದಲಿಸಬೇಕಾಗಿ ಬರಲಿಲ್ಲ. ಎರಡು ವರ್ಷ ಹೊಂದಿಕೊಂಡಿದ್ದ ಅತ್ತೆ ಸೊಸೆ ಈಗ ಮಾತು ಬಿಟ್ಟಿದ್ದರು. ಮಗ ಇಬ್ಬರನ್ನೂ ಆಪ್ತಸಲಹೆಗೆಂದು ನನ್ನ ಬಳಿ ಕರೆತಂದ.

ವಿಭೂತಿ ಬುಧವಾರ, ಅಂದರೆ ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸಕಾಲ ಆರಂಭವಾಗುವ ದಿನ, ಸೊಸೆ ಚರ್ಚಿನಿಂದ ಬಂದಾಗ ಹಣೆಯ ಮೇಲೆ ಬೂದಿಯ ಶಿಲುಬೆಯಿತ್ತು. ಹಿಂದಿನ ವರ್ಷ ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರದಂದು ಚರ್ಚಿನಲ್ಲಿ ಹಂಚಿದ ಗರಿಗಳನ್ನು ಸುಟ್ಟ ಬೂದಿ ಅದು. ಮಣ್ಣಿನಿಂದ ಬಂದವರು ಮಣ್ಣಿಗೇ ಮರಳುತ್ತೇವೆ ಎಂದು ನೆನಪಿಸಿ ಹಚ್ಚುತ್ತಾರೆ. ಅತ್ತೆ "ಮಸಿ ಹತ್ತಿದೆಯಲ್ಲೇ" ಎನ್ನುತ್ತಾ ಸೆರಗಿನಿಂದ ಒರೆಸಿಬಿಟ್ಟರು. ಸೊಸೆ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

"ಹೊಟ್ಟೆಯಲ್ಲಿ ಹುಟ್ಟಿದ ಮಗಳಾಗಿದ್ದರೂ ಹೀಗೆಯೇ ಒರೆಸುತ್ತಿದ್ದೆ" ಎಂದರು ಅತ್ತೆ. ಅವರ ಮಾತು ಸುಳ್ಳಲ್ಲ. ಅವರ ಹಣೆಯಲ್ಲಿ ಬೆಳಗಿನ ಮೂರೆಳೆ ವಿಭೂತಿ ಇನ್ನೂ ಅಚ್ಚಳಿಯದೆ ಇತ್ತು. "ಇದನ್ನು ಯಾರಾದರೂ ಕೇಳದೆ ಒರೆಸಿದರೆ?" ಎಂದೆ. ಅವರ ಕೈ ತಾನಾಗಿಯೇ ಹಣೆಯ ಹತ್ತಿರ ಹೋಗಿ, ಮುಟ್ಟದೆ ನಿಂತಿತು. ಬಹಳ ಹೊತ್ತು ಮಾತಾಡಲಿಲ್ಲ.

ಅತ್ತೆಯ ಎದೆಯಲ್ಲೂ ಒಂದು ಮುಳ್ಳಿತ್ತು. ಸಿದ್ಧಾರೂಢ ಮಠದ ಜಾತ್ರೆಯಿಂದ ತಂದುಕೊಟ್ಟ ಪ್ರಸಾದವನ್ನು ಸೊಸೆ ಕಸದ ಬುಟ್ಟಿಗೆ ಹಾಕಿದ್ದನ್ನು ಅವರು ಕಂಡಿದ್ದರು. ಬೇರೆ ದೇವರ ನೈವೇದ್ಯ ತಿನ್ನಬಾರದು ಎಂಬುದು ಸೊಸೆಯ ನಂಬಿಕೆ. ಬೇಡ ಎನ್ನಲು ಸಂಕೋಚ. ತಿನ್ನದಿದ್ದುದು ತಪ್ಪೆಂದು ನಾನು ಹೇಳಲಿಲ್ಲ. ಆದರೆ ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ನಿಮ್ಮ ಪರಮಪ್ರಸಾದ, ಆ ಬುಟ್ಟಿಯಲ್ಲಿ ಕಂಡಿದ್ದರೆ ಎಂದು ಕೇಳಿದಾಗ ಆಕೆ ಅತ್ತುಬಿಟ್ಟಳು.

ಮಗ ಮಾತ್ರ "ಎಲ್ಲ ದೇವರೂ ಒಂದೇ ಅಲ್ಲವೇ?" ಎಂದು ಸಮಾಧಾನ ಮಾಡುತ್ತಲೇ ಇದ್ದ. ಆ ಮಾತನ್ನು ಸದ್ಯಕ್ಕೆ ಬಿಡು ಎಂದೆ. ಇಬ್ಬರಿಗೂ ಅದು ಒಂದೇ ಅಲ್ಲ. ಒಂದೇ ಎಂದಾಗಲೆಲ್ಲ ನಮ್ಮ ನೋವಿಗೆ ಬೆಲೆಯಿಲ್ಲ ಎಂದು ಇಬ್ಬರಿಗೂ ಅನಿಸುತ್ತಿತ್ತು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಅತ್ತೆಗೆ: ನಿಮಗೆ ಇಷ್ಟವಾದದ್ದು ಆಕೆಗೂ ಇಷ್ಟವೆಂದು ಎಣಿಸಬೇಡಿ. ಇಷ್ಟಲಿಂಗವಿಡುವ ನಿಮ್ಮ ಕರಡಿಗೆಯನ್ನು ಬೇರೆಯವರು ಕೇಳದೆ ಮುಟ್ಟಬಾರದು ಎನ್ನುತ್ತೀರಲ್ಲ, ಆ ಎಚ್ಚರವನ್ನೇ ಆಕೆಯ ಜಪಮಾಲೆಗೂ ಹಣೆಗೂ ಕೊಡಿ. ಸೊಸೆಗೆ: ಪ್ರಸಾದ ಕೊಟ್ಟಾಗ ಕೈಮುಗಿದು, "ನಾನು ತಿನ್ನುವಂತಿಲ್ಲ ಅತ್ತೆ, ಇವರಿಗೆ ಕೊಡಿ" ಎಂದು ಎದುರಿಗೇ ಹೇಳು. ಮುಚ್ಚಿಟ್ಟದ್ದಕ್ಕಿಂತ ಅದು ಕಡಿಮೆ ನೋಯಿಸುತ್ತದೆ. ಕ್ಷಮೆ ಕೇಳಿ ಎಂದು ಯಾರನ್ನೂ ಒತ್ತಾಯಿಸಲಿಲ್ಲ.

ಮೂರನೆಯ ಭೇಟಿಗೆ ಅತ್ತೆ ಒಬ್ಬರೇ ಬಂದರು. "ಶುಭ ಶುಕ್ರವಾರ ಆಕೆಗೆ ಉಪವಾಸವಂತೆ, ಒಂದೇ ಹೊತ್ತು ಊಟವಂತೆ. ಎಷ್ಟು ಹೊತ್ತಿಗೆ ರೊಟ್ಟಿ ಬಡಿಯಲಿ ಮೇಡಂ?" ಎಂದರು.

ಆಕೆಯನ್ನೇ ಕೇಳಿ ಎಂದೆ.